ಲಿಫ್ಟ್ ಮಾಡಿದ ಜಿಪ್ಸಿಯ ಮುಂದಿನ ಶಾಕ್ ಯಾಕೆ ಬಡಿಯುತ್ತಿದೆ?

ಪ್ರಶ್ನೆ: ಸರ್, ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಮನೆಯಲ್ಲಿ ಹಳೇ ಜಿಪ್ಸಿ ಕಿಂಗ್ ಇದೆ. ಹೋದ ಬೇಸಿಗೆಯಲ್ಲಿ ಉದ್ದದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತಗುಲಿಸುವ ಕೊಂಡಿ) ಹಾಕಿಸಿ, ಸ್ಪ್ರಿಂಗಿಗೆ ಒಂದು ಪಟ್ಟಿ ಸೇರಿಸಿ ಸುಮಾರು 2 ಇಂಚು ಎತ್ತರಿಸಿದೆ. 205 ಅಗಲದ ಟೈರ್ ತೆಗೆದು 235/75 ಆರ್ 15 ಹಾಕಿದೆ. ಹಳೇ ಶಾಕ್ (ಶಾಕ್ ಅಬ್ಸಾರ್ಬರ್) ಗಿಡ್ಡ ಆಯ್ತು ಅಂತ ಮುಂದಕ್ಕೆ ಉದ್ದದ ಶಾಕ್ ಬಂತು. ಈಗ ತೋಟದ ಗುಂಡಿಗೆ ಇಳಿದರೆ ಮುಂದೆ ಠಕ್ ಅಂತ ಕಬ್ಬಿಣ ಬಡಿದ ಸದ್ದು. ಎಡಗಡೆ ಶಾಕ್‌ನ ಮೈ, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟಿಗೆ ಉಜ್ಜಿ ಬಣ್ಣ ಹೋಗಿದೆ. ಆ ಕಡೆ ಮೇಲಿನ ಬ್ರಾಕೆಟ್ ಬುಡದಲ್ಲಿ ಸಣ್ಣ ಬಿರುಕು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಕೂಡ ಒಳಗೆ ಸವರುತ್ತದೆ. ಇನ್ನೂ ಉದ್ದದ ಶಾಕ್ ಹಾಕೋಣ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಅಳತೆ ಹೀಗಿದೆ: ಶಾಕ್ ಪೂರ್ತಿ ಮುಚ್ಚಿದಾಗ 330 ಎಂಎಂ, ಪೂರ್ತಿ ಎಳೆದಾಗ 520, ಗಾಡಿ ಸಮತಟ್ಟಿನಲ್ಲಿ ನಿಂತಾಗ 410. ಆಕ್ಸಲಿಗೂ, ಅದು ತೀರಾ ಮೇಲೆ ಬಾರದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೂ ನಡುವೆ 95. ಏನು ಮಾಡಲಿ?

ಉತ್ತರ: ಇನ್ನೂ ಉದ್ದದ ಶಾಕ್ ಹಾಕಬೇಡಿ. ಹಾಕಿದರೆ ತೊಂದರೆ ಜಾಸ್ತಿ ಆಗುತ್ತದೆ. ಬ್ರಾಕೆಟ್ ಬುಡದಲ್ಲಿ ಬಿರುಕು ಬಿಟ್ಟಿದೆ ಅಂದಿರಿ. ಅದನ್ನು ಸರಿ ಮಾಡುವವರೆಗೆ ಗಾಡಿಯನ್ನು ತೋಟದ ದಾರಿಗೆ ಇಳಿಸಬೇಡಿ. ಇಳಿಜಾರಿನಲ್ಲಿ ಆ ಬ್ರಾಕೆಟ್ ಕಿತ್ತು ಬಂದರೆ ಬಿಚ್ಚಿಕೊಂಡ ಶಾಕ್ ಹೋಗಿ ಬ್ರೇಕ್ ಹೋಸಿಗೋ ಟೈರಿಗೋ ಸಿಕ್ಕಿಕೊಳ್ಳಬಹುದು.

ನೀವು ಅಳತೆ ತೆಗೆದು ಕಳಿಸಿದ್ದು ತುಂಬಾ ಒಳ್ಳೇದಾಯ್ತು. ಕಾರಣ ಅದರಲ್ಲೇ ಕಾಣುತ್ತದೆ. ಗಾಡಿ ನಿಂತಾಗ ಶಾಕ್ 410, ಪೂರ್ತಿ ಮುಚ್ಚಿದರೆ 330. ಅಂದರೆ ಚಕ್ರ ಮೇಲೆ ಬರಲು ಶಾಕ್ ಕೊಡುವ ಜಾಗ 80 ಎಂಎಂ. ಆದರೆ ಆಕ್ಸಲ್ 95 ಎಂಎಂ ಮೇಲೆ ಬಂದರೆ ಮಾತ್ರ ಬಂಪ್ ಸ್ಟಾಪ್ ರಬ್ಬರ್ ತಾಗುತ್ತದೆ. ಲೆಕ್ಕ ಇಷ್ಟೇ. ರಬ್ಬರ್ ತಾಗುವುದಕ್ಕೆ 15 ಎಂಎಂ ಬಾಕಿ ಇರುವಾಗಲೇ ಶಾಕ್ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಕೂತುಬಿಡುತ್ತದೆ. ಆಗ ಗಾಡಿಯ ಮುಂಭಾಗದ ಇಡೀ ಏಟು ಆ ಸಣ್ಣ ಬ್ರಾಕೆಟ್ ಮೇಲೆ. ಠಕ್ ಅನ್ನುವ ಸದ್ದು ಅದೇ, ಬಿರುಕಿಗೆ ಕಾರಣವೂ ಅದೇ. ಬೇಕಿದ್ದರೆ ಟಾರ್ಚ್ ಹಿಡಿದು ಬಂಪ್ ಸ್ಟಾಪ್ ರಬ್ಬರಿನ ಮುಖ ನೋಡಿ. ಆಕ್ಸಲ್ ತಾಗಿದ ಹೊಸ ಗುರುತು ಅಲ್ಲಿ ಇರಲಿಕ್ಕಿಲ್ಲ.

ನಿಮ್ಮ ಮೆಕ್ಯಾನಿಕ್ ಯೋಚಿಸಿದ್ದು ಪೂರ್ತಿ ತಪ್ಪೇನಲ್ಲ. ಗಾಡಿ ಎತ್ತರಿಸಿದ ಮೇಲೆ ಹಳೇ ಶಾಕ್ ಕೆಳಮುಖಕ್ಕೆ ಸಾಲುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಅದು ಪೂರ್ತಿ ಎಳೆದುಕೊಂಡು ನಿಲ್ಲುತ್ತದೆ. ಅದಕ್ಕೆ ಉದ್ದದ್ದು ಬೇಕೇ ಬೇಕು. ಆದರೆ ಎಳೆದಾಗ ಉದ್ದ ಇರುವ ಶಾಕ್ ಮುಚ್ಚಿದಾಗಲೂ ಉದ್ದವೇ ಇರುತ್ತದೆ, ಅಲ್ವಾ? ಪಟ್ಟಿ ಸೇರಿಸಿದರೂ ಶ್ಯಾಕಲ್ ಬದಲಿಸಿದರೂ ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ ಆಕ್ಸಲ್ ಮೊದಲು ಎಲ್ಲಿಗೆ ಬರುತ್ತಿತ್ತೋ ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತದೆ. ನಿಂತಾಗಿನ ಎತ್ತರ ಬದಲಾಯಿತು, ಮೇಲಿನ ಮಿತಿ ಬದಲಾಗಲಿಲ್ಲ. ಎತ್ತರಿಸಿದ ಗಾಡಿಗಳಲ್ಲಿ ಶಾಕ್ ತೊಂದರೆಯ ಬೇರು ಇಲ್ಲೇ ಇದೆ. ಹಾಗಾಗಿ ಶಾಕ್ ಆರಿಸುವ ಮುಂಚೆ ಆಕ್ಸಲ್ ಎಷ್ಟು ಮೇಲೆ ಬರುತ್ತದೆ, ಅದನ್ನು ಯಾವುದು ನಿಲ್ಲಿಸುತ್ತದೆ ಅಂತ ಗೊತ್ತಿರಬೇಕು. ನಿಲ್ಲಿಸುವುದು ಬಂಪ್ ಸ್ಟಾಪಿನ ಕೆಲಸ. ಶಾಕ್ ಇರುವುದು ತೂಗಾಟ ತಡೆಯುವುದಕ್ಕೆ, ಭಾರ ಹೊರುವುದಕ್ಕೆ ಅಲ್ಲ.

ಈಗ ಎಷ್ಟು ಸರಿ ಮಾಡಬೇಕು ಅಂತ ನೋಡೋಣ. ಶಾಕ್ ಪೂರ್ತಿ ಮುಚ್ಚುವ ಮುಂಚೆ 15 ಎಂಎಂ ಉಳಿಯಲೇಬೇಕು ಅಂತ ಇಟ್ಟುಕೊಳ್ಳಿ. ರಬ್ಬರ್ ಕೂಡ ಏಟಿಗೆ ಕುಗ್ಗುತ್ತದೆ. 40 ಎಂಎಂ ಎತ್ತರದ ರಬ್ಬರ್ ಅರ್ಧದವರೆಗೂ ಕುಗ್ಗಬಹುದು ಅಂತ ಹಿಡಿದರೆ 20 ಎಂಎಂ. ನಿಮ್ಮ 80ರಲ್ಲಿ 15 ಕಳೆದರೆ 65, ಅದರಲ್ಲಿ 20 ಕಳೆದರೆ 45. ಅಂದರೆ ರಬ್ಬರಿಗೂ ಆಕ್ಸಲಿಗೂ ನಡುವೆ 45 ಎಂಎಂ ಮಾತ್ರ ಇರಬೇಕು. ಈಗ 95 ಇದೆ. ಬಂಪ್ ಸ್ಟಾಪನ್ನು 50 ಎಂಎಂ ಕೆಳಗೆ ತರಬೇಕಾಗುತ್ತದೆ.

ಇಷ್ಟು ಮಾಡಿದರೆ ಬಡಿತ ನಿಲ್ಲುತ್ತದೆ. ಆದರೆ ಚಕ್ರಕ್ಕೆ ಮೇಲೆ ಬರಲು ಜಾಗ ತುಂಬಾ ಕಮ್ಮಿ ಆಗಿ ಗಾಡಿ ಪದೇ ಪದೇ ರಬ್ಬರಿಗೆ ಕುಟ್ಟುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೇಲಿನ ಬ್ರಾಕೆಟ್ಟನ್ನು 30 ಎಂಎಂ ಎತ್ತರಿಸುತ್ತಿದ್ದೆ. ಹೇಗೂ ಬಿರುಕು ಬಿಟ್ಟಿದೆ, ಹೊಸದು ಮಾಡಿಸಲೇಬೇಕು. ಆಗ ನಿಂತ ಅಳತೆ 440 ಆಗುತ್ತದೆ. ಮೇಲಕ್ಕೆ 110, ಕೆಳಕ್ಕೆ 80. ಬಂಪ್ ಸ್ಟಾಪ್ ಲೆಕ್ಕ ಮತ್ತೆ ಹಾಕಿ: 110ರಲ್ಲಿ 15 ಮತ್ತು 20 ಹೋದರೆ 75. ಈಗಿರುವ 95ಕ್ಕೆ 20 ಎಂಎಂ ಪ್ಯಾಕಿಂಗ್ ಕೊಟ್ಟರೆ ಸಾಕು. ಪ್ಯಾಕಿಂಗ್ ಅಂದರೆ ಕಬ್ಬಿಣದ ಬ್ಲಾಕ್ ಅಥವಾ ದಪ್ಪ ಪೈಪಿನ ತುಂಡು, ಬೋಲ್ಟ್ ಹಾಕಿ ಬಿಗಿದದ್ದು. ಮರದ ತುಂಡು ಇಡಬೇಡಿ. ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಕೊಳೆಯುತ್ತದೆ.

ಕೆಳಕ್ಕೆ 80 ಸಾಕಾ ಅಂತ ಕೂಡ ನೋಡಬೇಕು. ಜಾಕ್ ಕೊಟ್ಟು ಚಾಸಿಯನ್ನು ಎತ್ತಿ, ಮುಂದಿನ ಎರಡೂ ಚಕ್ರ ನೇತಾಡಲಿ. ಆಗ ಶಾಕ್ ಪಿನ್ನಿಂದ ಪಿನ್ನಿಗೆ ಎಷ್ಟು ಅಂತ ಅಳೆಯಿರಿ. ಈಗಿನ ಬ್ರಾಕೆಟ್ಟಿನಲ್ಲಿ ಆ ಅಳತೆ 490ರ ಒಳಗೆ ಇದ್ದರೆ 30 ಎತ್ತರಿಸಿದರೂ ತೊಂದರೆ ಇಲ್ಲ. ನೀವು ಪಟ್ಟಿ ಸೇರಿಸಿ ಸ್ಪ್ರಿಂಗ್ ಗಟ್ಟಿ ಮಾಡಿದ್ದೀರಿ, ಅದು ತುಂಬಾ ಕೆಳಗೆ ಇಳಿಯಲಾರದು ಅಂತ ನನ್ನ ಅಂದಾಜು. 490 ದಾಟಿದರೆ ಬ್ರಾಕೆಟ್ಟನ್ನು ಕಮ್ಮಿ ಎತ್ತರಿಸಿ, ಆ ವ್ಯತ್ಯಾಸವನ್ನು ಬಂಪ್ ಸ್ಟಾಪಿಗೆ ಸೇರಿಸಿ. ಇದೇ ಹೊತ್ತಿನಲ್ಲಿ ಮುಂದಿನ ಬ್ರೇಕ್ ಹೋಸ್ ಕೂಡ ನೋಡಿ. ಚಕ್ರ ನೇತಾಡುವಾಗ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಹೋಸ್ ಸ್ವಲ್ಪವೂ ಬಿಗಿಯಾಗಬಾರದು. ಬಿಗಿಯಾದರೆ ಬೇರೆ ಎಲ್ಲ ಕೆಲಸ ಪಕ್ಕಕ್ಕಿಟ್ಟು ಮೊದಲು ಉದ್ದದ ಹೋಸ್ ಹಾಕಿಸಿ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಇಡಿ, ಇಲ್ಲವಾದರೆ ಗಟ್ಟಿ ಮರದ ದಿಮ್ಮಿ. ಕಾಫಿ ಕಣದ ಸಿಮೆಂಟ್ ನೆಲ ಈ ಕೆಲಸಕ್ಕೆ ಒಳ್ಳೆಯ ಜಾಗ. ಒದ್ದೆ ಮಣ್ಣಿನ ಮೇಲೆ ಖಂಡಿತ ಬೇಡ.

ಸಮತಟ್ಟಿನ ಅಳತೆ ಇಷ್ಟಾಯಿತು. ಆದರೆ ತೋಟದಲ್ಲಿ ಎರಡು ಚಕ್ರ ಒಟ್ಟಿಗೆ ಮೇಲೆ ಬರುವುದು ಅಪರೂಪ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಆಗ ಆಕ್ಸಲ್ ವಾಲುತ್ತದೆ, ಅದರ ಜೊತೆ ಶಾಕ್‌ನ ಕೆಳಗಿನ ತುದಿಯೂ ವಾಲುತ್ತದೆ. ನೇರ ನಿಂತಾಗ ಬೆರಳು ತೂರುವಷ್ಟು ಸಂದು ಇದ್ದರೂ ಈ ವಾಲಿಕೆಯಲ್ಲಿ ಅದು ಪೂರ್ತಿ ಮುಚ್ಚಿಹೋಗಬಹುದು. ಇನ್ನೊಂದು ವಿಷಯ: ಬಂಪ್ ಸ್ಟಾಪ್ ಶಾಕ್‌ಗಿಂತ ಒಳಗಡೆ ಇದ್ದರೆ, ರಬ್ಬರ್ ತಾಗಿದ ಮೇಲೂ ಆಕ್ಸಲ್ ಅದರ ಮೇಲೆ ತಕ್ಕಡಿ ದಂಡದ ಹಾಗೆ ವಾಲಿ ಹೊರಗಿನ ತುದಿ ಇನ್ನಷ್ಟು ಮೇಲೆ ಬರುತ್ತದೆ. ಅದಕ್ಕೇ 15 ಎಂಎಂ ಉಳಿಸಿ ಅಂದದ್ದು. 5 ಉಳಿದರೆ ಸಾಕು ಅನ್ನುವವರು ಡಾಂಬರ್ ರಸ್ತೆ ಲೆಕ್ಕ ಹಾಕುತ್ತಾರೆ. ಮಾಂದಲ್‌ಪಟ್ಟಿ ಏರುವ ಕಲ್ಲುದಾರಿಗೆ ಆ ಲೆಕ್ಕ ನಡೆಯುವುದಿಲ್ಲ.

ಹಾಗಾಗಿ ಎಡ ಮುಂಚಕ್ರವನ್ನು ನಿಧಾನವಾಗಿ ಒಂದು ಗಟ್ಟಿ ದಿಬ್ಬದ ಮೇಲೆ ಹತ್ತಿಸಿ. ಬಲ ಹಿಂಚಕ್ರವೂ ಎತ್ತರದಲ್ಲಿ ಇರಲಿ, ಆಗ ಗಾಡಿ ಚೆನ್ನಾಗಿ ತಿರುಚಿಕೊಳ್ಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಪಕ್ಕದಿಂದ ನೋಡಿ. ಗಾಡಿ ಕೆಳಗೆ ತೂರಬೇಡಿ. ಸಂದು ಎಲ್ಲಿ ಮುಚ್ಚುತ್ತದೆ ಅಂತ ಗೊತ್ತಾಗಲು ಅನುಮಾನ ಇರುವ ಕಡೆ ಮೊದಲೇ ಜೇಡಿಮಣ್ಣಿನ ಉಂಡೆ ಅಂಟಿಸಿ ಬಿಡಿ. ಗಾಡಿ ಇಳಿಸಿದ ಮೇಲೆ ಆ ಮಣ್ಣು ಎಷ್ಟು ತೆಳ್ಳಗಾಗಿದೆ ಅಂತ ನೋಡಿದರೆ ಉಳಿದ ಸಂದಿನ ಅಳತೆ ಸಿಕ್ಕಿತು. ಸ್ಟೇರಿಂಗ್ ನೇರ ಇದ್ದಾಗ ಒಮ್ಮೆ, ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಒಮ್ಮೆ ನೋಡಿ. ಬಲಗಡೆಗೂ ಇದನ್ನೇ ಮಾಡಿ.

ಇನ್ನು ಯು ಬೋಲ್ಟಿಗೆ ಉಜ್ಜುವ ವಿಷಯ. ಸಾಮಾನ್ಯ ಶಾಕ್‌ಗಳಲ್ಲಿ ಮೇಲಿನ ಅರ್ಧಕ್ಕೆ ತಗಡಿನ ಧೂಳು ಕವರ್ ಇರುತ್ತದೆ. ಅದು ಕೆಳಗಿನ ಮೈಗಿಂತ ದಪ್ಪ. ಗಾಡಿ ನಿಂತಾಗ ಆ ಕವರ್ ಮೇಲೆ ಇರುತ್ತದೆ, ಸಂದು ಚೆನ್ನಾಗಿ ಕಾಣುತ್ತದೆ. ಶಾಕ್ ಮುಚ್ಚುತ್ತಾ ಬಂದ ಹಾಗೆ ಕವರ್ ಇಳಿದು ಯು ಬೋಲ್ಟ್ ಕಾಲಿನ ಪಕ್ಕಕ್ಕೇ ಬರುತ್ತದೆ. ಉದ್ದದ ಶಾಕ್‌ಗಳು ಎಷ್ಟೋ ಸಲ ದಪ್ಪದಲ್ಲೂ ದೊಡ್ಡವೇ ಆಗಿರುತ್ತವೆ. ಮೇಲೆ ಹೇಳಿದ ಹಾಗೆ ಬ್ರಾಕೆಟ್ ಎತ್ತರಿಸಿ ಬಂಪ್ ಸ್ಟಾಪ್ ಸರಿ ಮಾಡಿದರೆ ಕವರ್ ಅಷ್ಟು ಕೆಳಗೆ ಬರುವುದೇ ಇಲ್ಲ. ಅರ್ಧ ತೊಂದರೆ ಅಲ್ಲೇ ಮುಗಿಯಬಹುದು. ಉಳಿದದ್ದಕ್ಕೆ ತಗಡಿನ ಕವರ್ ಬದಲು ರಬ್ಬರ್ ಬೂಟ್ ಇರುವ ತೆಳು ಶಾಕ್ ಹುಡುಕಿ. ಕೆಳಗಿನ ಪಿನ್ನಿನ ಮೇಲೆ 3ರಿಂದ 5 ಎಂಎಂ ವಾಷರ್ ಹಾಕಿ ಶಾಕ್ ಅನ್ನು ಹೊರಗೆ ತಳ್ಳಬಹುದು. ಆದರೆ ನಟ್ ಪೂರ್ತಿ ಕೂತು ಥ್ರೆಡ್ ಹೊರಗೆ ಕಾಣಬೇಕು. ಲೇತಿನಲ್ಲಿ ಉದ್ದದ ಪಿನ್ ಮಾಡಿಸಿ 20 ಎಂಎಂ ಹೊರಗೆ ತರುವುದನ್ನು ನಾನು ಒಪ್ಪುವುದಿಲ್ಲ. ಪಿನ್ ಉದ್ದ ಆದಷ್ಟೂ ಬಾಗಿಸುವ ಬಲ ಹೆಚ್ಚುತ್ತದೆ. ಟೈರಿಗೂ ಅದು ಹತ್ತಿರ ಆಗುತ್ತದೆ.

ಎಡಗಡೆ ಮಾತ್ರ ಯಾಕೆ ಉಜ್ಜುತ್ತದೆ? ಇದು ಮುಖ್ಯ ಸುಳಿವು. ಪಟ್ಟಿ ಸೇರಿಸುವಾಗ ಸ್ಪ್ರಿಂಗ್ ಬಿಚ್ಚಿದ್ದಾರೆ. ಆಗ ಶಾಕ್ ಪಿನ್ ಇರುವ ಕೆಳಗಿನ ಪ್ಲೇಟ್ ತಿರುಗುಮುರುಗಾಗಿ ಕೂತಿರಬಹುದು, ಎಡದ್ದು ಬಲಕ್ಕೆ ಹೋಗಿರಬಹುದು. ಎರಡೂ ಕಡೆ ಪಿನ್ ಆಕ್ಸಲಿಂದ ಒಂದೇ ದೂರದಲ್ಲಿ ಇದೆಯಾ ಅಂತ ಅಳೆಯಿರಿ. ಸ್ಪ್ರಿಂಗ್ ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಒಂದು ಕಡೆ ಹಿಂದೆ ಮುಂದೆ ಜರುಗಿರುವ ಸಾಧ್ಯತೆಯೂ ಇದೆ. ಸ್ಟೇರಿಂಗ್ ನೇರ ಇಟ್ಟು ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಎರಡೂ ಕಡೆ ಟೇಪ್ ಹಿಡಿಯಿರಿ. ಎದ್ದು ಕಾಣುವ ವ್ಯತ್ಯಾಸ ಬಂದರೆ ಶಾಕ್ ಮುಟ್ಟುವ ಮುಂಚೆ ಸ್ಪ್ರಿಂಗ್ ಬಿಚ್ಚಬೇಕು. ಯು ಬೋಲ್ಟ್ ಬಿಚ್ಚಿದರೆ ಹಳೇದನ್ನೇ ಮತ್ತೆ ಹಾಕಬೇಡಿ. ಒಮ್ಮೆ ಬಿಗಿದು ಎಳೆದುಕೊಂಡ ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ.

ಈಗ ಬ್ರಾಕೆಟ್. ನನಗೆ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆಯೇ. ಕೊಡಗಿನ ಗಾಡಿಗಳ ಚಾಸಿ ಹೊರಗಿನಿಂದ ಗಟ್ಟಿ ಕಂಡರೂ ಒಳಗಿನಿಂದ ತುಕ್ಕು ತಿಂದಿರುತ್ತದೆ. ತಿಂಗಳುಗಟ್ಟಲೆ ಮಳೆ, ಕೆಂಪು ಮಣ್ಣು, ತೊಳೆಯದೆ ನಿಲ್ಲಿಸುವ ಶೆಡ್ಡು. ವೆಲ್ಡಿಂಗ್ ಮುಂಚೆ ಆ ಜಾಗದ ಬಣ್ಣ ಪೂರ್ತಿ ಕೆರೆದು, ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿಸಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ತೆಳುವಾದ ಜಾಗ ಬೊದ್ ಅನ್ನುತ್ತದೆ. ತೆಳು ಇದ್ದರೆ ಅಲ್ಲಿಗೆ ಬ್ರಾಕೆಟ್ ವೆಲ್ಡ್ ಮಾಡುವುದು ವ್ಯರ್ಥ. ಮೊದಲು ಆ ತುಂಡು ಕತ್ತರಿಸಿ ಹೊಸ ತಗಡು ಕೂರಿಸಬೇಕು. ಚಾಸಿ ಗಟ್ಟಿ ಇದ್ದರೂ ಬಿರುಕಿನ ಮೇಲೆ ಸುಮ್ನೆ ಒಂದು ಗೆರೆ ವೆಲ್ಡ್ ಎಳೆಯುವುದು ಬೇಡ. ಅದರ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. 5 ಅಥವಾ 6 ಎಂಎಂ ಪ್ಲೇಟಿನಲ್ಲಿ ಹೊಸ ಬ್ರಾಕೆಟ್ ಮಾಡಿಸಿ, ಎರಡೂ ಪಕ್ಕಕ್ಕೆ ತ್ರಿಕೋನದ ಆಸರೆ ಪಟ್ಟಿ ಕೊಡಿಸಿ, ಬುಡದ ಪ್ಲೇಟ್ ಅಗಲವಾಗಿ ಇರಲಿ. ಏಟು ಅಗಲಕ್ಕೆ ಹಂಚಿಹೋಗಬೇಕು. ಎತ್ತರಿಸುವ ಮುಂಚೆ ಬಾನೆಟ್ ಮುಚ್ಚಿ, ಮೇಲೆ 30 ಎಂಎಂ ಜಾಗ ನಿಜವಾಗಿ ಇದೆಯಾ ಅಂತ ನೋಡಿಕೊಳ್ಳಿ.

ವೆಲ್ಡ್ ಮಾಡುವಾಗ ಶಾಕ್ ಬಿಚ್ಚಿ ದೂರ ಇಡಿ. ಒಂದು ಕಿಡಿ ಅದರ ಹೊಳೆಯುವ ರಾಡಿಗೆ ಅಂಟಿದರೂ ಆ ಚುಕ್ಕೆ ಎಣ್ಣೆ ಸೀಲನ್ನು ಹರಿಯುತ್ತದೆ, ಹೊಸ ಶಾಕ್ ಸೋರಲು ಶುರು ಆಗುತ್ತದೆ. ಬ್ಯಾಟರಿ ಕನೆಕ್ಷನ್ ಬಿಚ್ಚಿ. ಇಂಜೆಕ್ಷನ್ ಇಂಜಿನ್ ಇದ್ದರೆ ಅದರ ಕಂಪ್ಯೂಟರ್ ಸಾಕೆಟ್ ಕೂಡ ತೆಗೆಸಿ. ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಲ್ಲಿ ಹಾದುಹೋಗಿವೆ ಅಂತ ವೆಲ್ಡರಿಗೆ ಕೈ ಇಟ್ಟು ತೋರಿಸಿ. ಸ್ಪ್ರಿಂಗ್ ಪಟ್ಟಿಗೆ ಮಾತ್ರ ಯಾವ ಕಾರಣಕ್ಕೂ ವೆಲ್ಡಿಂಗ್ ತಾಗಬಾರದು. ಬಿಸಿಗೆ ಅದರ ಹದ ಹೋಗಿ ಅಲ್ಲೇ ಮುರಿಯುತ್ತದೆ. ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಒದ್ದೆ ಕಬ್ಬಿಣದ ಮೇಲೆ ವೆಲ್ಡಿಂಗ್ ಸರಿ ಹಿಡಿಯುವುದಿಲ್ಲ, ಪ್ರೈಮರೂ ನಿಲ್ಲುವುದಿಲ್ಲ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಮುಗಿದು ಬಿಸಿಲು ಬಂದ ಮೇಲೆ ಮಾಡಿಸಿ.

ಬ್ರಾಕೆಟ್ ಎತ್ತರಿಸುವ ಬದಲು ಶಾಕ್‌ನ ಮೇಲಿನ ತುದಿಯನ್ನು ಒಳಕ್ಕೆ ವಾಲಿಸಿ ಜಾಗ ಮಾಡೋಣ ಅಂತ ಯಾರಾದರೂ ಹೇಳಬಹುದು. ಸ್ವಲ್ಪ ವಾಲಿದರೆ ತೊಂದರೆ ಇಲ್ಲ. ಆದರೆ 30 ಡಿಗ್ರಿ ವಾಲಿದರೆ ಚಕ್ರದ ಹತ್ತಿರ ಸಿಗುವ ಶಾಕ್‌ನ ಹಿಡಿತ ನಾಲ್ಕರಲ್ಲಿ ಮೂರು ಪಾಲಿಗೆ ಇಳಿಯುತ್ತದೆ, 45 ಡಿಗ್ರಿಗೆ ಅರ್ಧ. ಗಾಡಿ ತೂಗಾಡಲು ಶುರು ಆಗುತ್ತದೆ. ತಲೆಕೆಳಗಾಗಿ ಹಾಕುವುದಂತೂ ಬೇಡ. ಮಾಮೂಲಿ ಎರಡು ಕೊಳವೆಯ ಶಾಕ್‌ನಲ್ಲಿ ಹಾಗೆ ಮಾಡಿದರೆ ಗಾಳಿ ವಾಲ್ವ್ ಕಡೆ ಸೇರಿ ಶಾಕ್ ಕೆಲಸವನ್ನೇ ಮಾಡುವುದಿಲ್ಲ. ಇನ್ನು ಕೆಲವರು ಕೆಳಗಿನ ಪಿನ್ನನ್ನು ಪ್ಲೇಟಿಂದ ಕೆಳಗೆ ಇಳಿಸುತ್ತಾರೆ. ಲೆಕ್ಕದಲ್ಲಿ ಅದು ಸರಿಯೇ. ಆದರೆ ಟ್ರ್ಯಾಕ್ಟರ್ ಓಡಿ ಆಳದ ಗಾಡಿಜಾಡು ಬಿದ್ದ ನಮ್ಮ ತೋಟದ ದಾರಿಯಲ್ಲಿ ಆ ಪಿನ್ನೇ ಮೊದಲು ಕಲ್ಲಿಗೆ ಸಿಕ್ಕುತ್ತದೆ. ಎತ್ತರಿಸಿದ್ದೇ ನೆಲದಿಂದ ಮೇಲಿರಲಿ ಅಂತ, ಮತ್ತೆ ಕಬ್ಬಿಣ ಕೆಳಗೆ ಇಳಿಸುವುದು ಯಾಕೆ?

ಟೈರ್ ಸವರುವುದು ಬೇರೆ ವಿಷಯ, ಸುಲಭದ್ದು. 205ರಿಂದ 235ಕ್ಕೆ ಹೋದಾಗ ಅದೇ ರಿಮ್ಮಿನಲ್ಲಿ ಟೈರ್ ಸುಮಾರು 15 ಎಂಎಂ ಒಳಗೆ ಬರುತ್ತದೆ. 235/75 ಆರ್ 15 ಟೈರಿನ ಎತ್ತರ 733 ಎಂಎಂ ಹತ್ತಿರ. ಚಕ್ರದ ಹಿಂದೆ ಸ್ಟೇರಿಂಗ್ ತಿರುಗುವುದನ್ನು ತಡೆಯುವ ಸ್ಟಾಪ್ ಬೋಲ್ಟ್ ಇರುತ್ತದೆ. ಅದನ್ನು ಟೈರ್ ಸವರದಷ್ಟು ಹೊರಗೆ ತಿರುಗಿಸಿ ಲಾಕ್ ನಟ್ ಬಿಗಿಯಿರಿ. ಗಾಡಿ ತಿರುಗಲು ಸ್ವಲ್ಪ ಹೆಚ್ಚು ಜಾಗ ಬೇಕಾಗುತ್ತದೆ, ಸಂಪಾಜೆ ಘಾಟಿಯ ತಿರುವಿನಲ್ಲಿ ನಿಮಗೆ ಅದು ಗೊತ್ತಾಗುತ್ತದೆ. ಅದು ಬೇಡ ಅನ್ನಿಸಿದರೆ 10ರಿಂದ 15 ಎಂಎಂ ಹೊರಗೆ ಕೂರುವ ರಿಮ್ ಹಾಕಿ. ಅದಕ್ಕಿಂತ ಹೊರಗೆ ತಂದರೆ ಚಕ್ರದ ಬೇರಿಂಗ್ ಬೇಗ ಸವೆಯುತ್ತದೆ. ವಾಷರ್ ತರಹದ ಸ್ಪೇಸರ್ ಒಂದರ ಮೇಲೊಂದು ಪೇರಿಸಬೇಡಿ.

ನೀವು ಕೇಳದಿದ್ದರೂ ಶ್ಯಾಕಲ್ ಬಗ್ಗೆ ಒಂದು ಮಾತು. ಶ್ಯಾಕಲ್ ಎಷ್ಟು ಉದ್ದ ಮಾಡಿದರೂ ಗಾಡಿ ಏರುವುದು ಅದರ ಅರ್ಧ. 2 ಇಂಚು ಉದ್ದಕ್ಕೆ 1 ಇಂಚು. ಜಿಪ್ಸಿಯ ಮುಂದಿನ ಸ್ಪ್ರಿಂಗಿಗೆ ಶ್ಯಾಕಲ್ ಇರುವುದು ಮುಂದಿನ ತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಆಕ್ಸಲ್ ಮುಂದಕ್ಕೆ ಮುಗ್ಗರಿಸಿದ ಹಾಗೆ ತಿರುಗುತ್ತದೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಮ್ಮಿ ಆಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿಲ್ಲ, ಕುಶಾಲನಗರದ ಕಡೆ ನೇರ ರಸ್ತೆಯಲ್ಲಿ ಗಾಡಿ ಆಚೀಚೆ ಅಲೆಯುತ್ತಿದೆ ಅಂತಾದರೆ ಕಾರಣ ಇದು. ಆಕ್ಸಲಿಗೂ ಸ್ಪ್ರಿಂಗಿಗೂ ನಡುವೆ ಉಕ್ಕಿನ ಬೆಣೆ ಕೊಟ್ಟು ಸರಿ ಮಾಡಬಹುದು. ಆದರೆ ಬೆಣೆ ಕೊಟ್ಟರೆ ಕೆಳಗಿನ ಪ್ಲೇಟಿನ ಕೋನ ಬದಲಾಗಿ ಶಾಕ್ ಪಿನ್ ಜರುಗಬಹುದು. ಆದ್ದರಿಂದ ಮೊದಲು ಬೆಣೆ, ಆಮೇಲೆ ಶಾಕ್ ಅಳತೆ. ಉಲ್ಟಾ ಮಾಡಿದರೆ ಎರಡು ಸಲ ಕೆಲಸ. ನನ್ನ ಅಭಿಪ್ರಾಯ ಕೇಳಿದರೆ ಮಾಮೂಲಿ ಉದ್ದದ ಶ್ಯಾಕಲ್ಲಿಗೇ ವಾಪಸ್ ಹೋಗಿ. ಆಗ ಎತ್ತರವೂ ಬದಲಾಗುತ್ತದೆ, ಮೇಲಿನ ಅಳತೆಗಳನ್ನೆಲ್ಲ ಹೊಸದಾಗಿ ತೆಗೆಯಿರಿ.

ನಿಮ್ಮ ಅಕ್ಕಪಕ್ಕದವರ ಹಳೇ ಮಹೀಂದ್ರ ಎಂಎಂ 540ಗೂ ಇದೇ ಲೆಕ್ಕ ನಡೆಯುತ್ತದೆ, ಅದರ ಮುಂದೆಯೂ ಪಟ್ಟಿ ಸ್ಪ್ರಿಂಗೇ. 2020ಕ್ಕೆ ಮುಂಚಿನ ಥಾರ್ ಸಿಆರ್‌ಡಿಇಗೆ ಹಾಗಲ್ಲ. ಅದರ ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಬಾರ್ ಬಿಗಿದು ಎತ್ತರಿಸಿದರೆ ಕೆಳಗಿನ ಜಾಗವೇ ಖಾಲಿ ಆಗಿ ಶಾಕ್ ಎಳೆದುಕೊಂಡು ಬಡಿಯುತ್ತದೆ. ನಿಮ್ಮ ತೊಂದರೆಗೆ ಅದು ಪೂರ್ತಿ ಉಲ್ಟಾ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು. ತೋಟದೊಳಗೆ ಓಡಿಸುವ ಗಾಡಿಯೂ ಪೇಟೆಗೆ ಬಂದಾಗ ರಸ್ತೆಯ ಗಾಡಿಯೇ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಇಂಥದ್ದನ್ನೇ. ಇದನ್ನು ತಿಳಿದೇ ಮುಂದಿನ ಹೆಜ್ಜೆ ಇಡಿ.

ಕೆಲಸ ಮುಗಿದು 100 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ನಟ್‌ಗಳನ್ನು ಟಾರ್ಕ್ ರೆಂಚ್ ಹಿಡಿದು ಮತ್ತೆ ಬಿಗಿಯಿಸಿ, 500ಕ್ಕೆ ಇನ್ನೊಮ್ಮೆ. ಮಳೆಗಾಲದಲ್ಲಿ ತೋಟದಿಂದ ಬಂದ ಸಂಜೆಯೇ ಶಾಕ್‌ಗೂ ಯು ಬೋಲ್ಟಿಗೂ ನಡುವಿನ ಕೆಸರನ್ನು ಪೈಪ್ ನೀರಲ್ಲಿ ತೊಳೆದುಬಿಡಿ. ಅಲ್ಲಿ ಒಣಗಿ ಗಟ್ಟಿಯಾದ ಮಣ್ಣು ನೀವು ಕಷ್ಟಪಟ್ಟು ಮಾಡಿದ ಸಂದನ್ನು ತುಂಬಿಬಿಡುತ್ತದೆ, ಆಮೇಲೆ ಕವರ್ ಮತ್ತೆ ಉಜ್ಜುತ್ತದೆ. ತೊಳೆಯುವಾಗ ಹೊಸ ಬ್ರಾಕೆಟ್ಟಿನ ವೆಲ್ಡ್ ಅಂಚಿಗೆ ಟಾರ್ಚ್ ಹಿಡಿದು ನೋಡಿ. ಬಣ್ಣದಲ್ಲಿ ಕಂದು ಗೆರೆ ಇಳಿದಿದ್ದರೆ ಅಲ್ಲಿ ಬಿರುಕು ಶುರು ಆಗಿದೆ ಅಂತಲೇ ತಿಳಿದು, ಆ ಜಾಗದ ಬಣ್ಣ ಕೆರೆಸಿ ನೋಡಿ.